ತಣ್ಣಗಾಗುವವರೆಗೆ

ಬೆಳಿಗ್ಗೆಯಿಂದ ಅವನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಹಲ್ಲುಜ್ಜುವಾಗ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅವಕ್ಕೊಂದು ಕೆಲಸವಿತ್ತು; ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಅವು ಯಾರೋ ಮರೆತು ಇಳಿದುಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದುಕೊಂಡವು. ಇವತ್ತು ಅವಳ ತಾಯಿ ಬರುತ್ತಾರೆ. ನಿನ್ನೆ ಫೋನಿನಲ್ಲಿ ಅವರು, "ಸರ್, ನಾನು ಅವಳ ಅಮ್ಮ. ಅವಳ ಸಾಮಾನು ಏನಾದ್ರೂ ಲ್ಯಾಬಲ್ಲಿದ್ರೆ ತಗೊಂಡು ಹೋಗ್ತೀನಿ," ಅಂದಾಗ ಅವನು, "ಓಹೋ, ಬನ್ನಿ ಬನ್ನಿ, ಖಂಡಿತಾ ಬನ್ನಿ," ಎಂದುಬಿಟ್ಟಿದ್ದ, ಮನೆ ಸಮಾರಂಭಕ್ಕೆ ನೆಂಟರನ್ನು ಕರೆಯುವವನಂತೆ. ಫೋನಿಟ್ಟ ಮೇಲೆ ಆ 'ಬನ್ನಿ ಬನ್ನಿ' ಕಿವಿಯಲ್ಲೇ ಕೂತುಬಿಟ್ಟಿತು. ಮಗಳು ಸತ್ತು ಇನ್ನೂ ಒಂದು ಋತು ಕಳೆದಿಲ್ಲ. ಆಗ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದರು, ಈಗ ಬಸ್ಸಿನ ಕಿಟಕಿಗಳೆಲ್ಲ ತೆರೆದಿವೆ, ಅಷ್ಟೆ ವ್ಯತ್ಯಾಸ. ಅವನ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು. ಒಂದು ಸಂಜೆ ಮನೆಗೆ ಹೋದವಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ, ಆಮೇಲೆ ಸುದ್ದಿ ಬಂತು. ಮಿದುಳಿನ ಪೊರೆಗೆ ಸೋಂಕು, ಎಂದರು. ಬಹಳ ಬೇಗ ಏರಿತು, ಎಂದರು. ಯಾರಿಂದಲೂ ಏನೂ ಮಾಡಲಾಗುತ್ತಿರಲಿಲ್ಲ, ಎಂದೂ ಯಾರೋ ಅಂದರು. ಆ ಕೊನೆಯ ಮಾತನ್ನು ಅವನು ಮಾತ್ರೆಯಂತೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಬೇಕಾದಾಗ ತೆಗೆದು ನುಂಗುತ್ತಿದ್ದ. ಇತ್ತೀಚೆಗೆ ಅದು ನಾಟುತ್ತಿರಲಿಲ್ಲ.

ಲ್ಯಾಬಿನ ಬಾಗಿಲು ತೆರೆದರೆ ಮೊದಲು ಎದುರಾಗುವುದು ಪ್ರೆಸ್ಸು, ಇಬ್ಬರು ಮನುಷ್ಯರಷ್ಟು ಎತ್ತರದ ಹಸಿರು ಯಂತ್ರ. ಅದರ ಎರಡು ಉಕ್ಕಿನ ಹಲಗೆಗಳ ನಡುವೆ ಅವನ ಇಪ್ಪತ್ತು ವರ್ಷ ಬೆಂದುಹೋಗಿದೆ. ಕಾರ್ಬನ್ನಿನ ಎಳೆ ಕೂದಲಿಗಿಂತ ತೆಳು, ಎಳೆದರೆ ಉಕ್ಕಿಗಿಂತ ಗಟ್ಟಿ. ಆದರೆ ಬಿಡಿ ಎಳೆಯಿಂದ ಯಾವ ಕೆಲಸವೂ ಆಗದು. ಅದನ್ನು ಪದರ ಪದರವಾಗಿ ಹಾಸಿ, ಪ್ಲಾಸ್ಟಿಕ್ ಕರಗಿಸಿ ಸುರಿದು, ಒತ್ತಿ, ತಣಿಸಿದರೆ ಹಲಗೆಯಾಗುತ್ತದೆ. ನೂಲಿಗೆ ಗಂಜಿ ಹಾಕುವಂತೆ ಕಾರ್ಖಾನೆಯವರು ಎಳೆಗೆ ಮೊದಲೇ ಒಂದು ಲೇಪ ಹಚ್ಚಿ ಕಳಿಸಿರುತ್ತಾರೆ, ಪ್ಲಾಸ್ಟಿಕ್ಕು ಹಿಡಿದುಕೊಳ್ಳಲಿ ಎಂದು. ಸಾಧಾರಣ ಕೆಲಸಕ್ಕೆ ಅದು ಸಾಕು. ವಿಮಾನದ ಇಂಜಿನ್ನಿನ ಪಕ್ಕ ಕೂರಬೇಕಾದ ಭಾಗಗಳಿಗೆ ಮಾತ್ರ ಬಿಸಿಗೆ ಜಗ್ಗದ ಬೇರೆ ಜಾತಿಯ ಪ್ಲಾಸ್ಟಿಕ್ ಬೇಕು, ಅದು ಚೆನ್ನಾಗಿ ಕರಗಿ ಹರಿಯುವುದೇ ನಾನೂರು ಡಿಗ್ರಿಯ ಹತ್ತಿರ. ಅಷ್ಟರಲ್ಲಿ ಆ ಲೇಪ ಸುಟ್ಟು ಹೊಗೆಯಾಗಿ ಹೋಗಿರುತ್ತದೆ. ಆಮೇಲೆ ಎಳೆಯೂ ಪ್ಲಾಸ್ಟಿಕ್ಕೂ ಮಾತು ಬಿಟ್ಟ ಗಂಡಹೆಂಡಿರ ಹಾಗೆ ಒಂದೇ ಮನೆಯಲ್ಲಿರುತ್ತವೆ, ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅಂತ ಅವನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದ, ಪ್ರತಿ ವರ್ಷ ಹುಡುಗರು ನಗುತ್ತಿದ್ದರು. ಅವಳು ನಗಲಿಲ್ಲ. "ಹೊರಗಿನವರಿಗೆ ಗೊತ್ತಾಗಲ್ಲ ಅಂದ್ರೆ ನಿಮಗೆ ಹೇಗೆ ಗೊತ್ತಾಯ್ತು ಸರ್?" ಎಂದು ಮುಂದಿನ ಬೆಂಚಿನಿಂದ ಕೇಳಿದ್ದಳು. "ಮುರಿದು ನೋಡಬೇಕಮ್ಮಾ," ಎಂದಿದ್ದ ಅವನು. ಇಡೀ ಕ್ಲಾಸು ಇನ್ನೊಮ್ಮೆ ನಕ್ಕಿತ್ತು.

ಅವಳಿಗೆ ಲ್ಯಾಬಿನಲ್ಲಿ ಚಿಮಟ ಎಂದು ಹೆಸರು. ಸದಾ ಕೈಯಲ್ಲಿ ಚಿಮಟ ಹಿಡಿದು ಒಂದೊಂದೇ ಎಳೆ ಎತ್ತುತ್ತಿದ್ದಳು. ವಾದಕ್ಕಿಳಿದರೂ ಹಾಗೆಯೇ, ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಕಾರ್ಖಾನೆಯ ಲೇಪವನ್ನು ತೊಳೆದು ತೆಗೆದು, ಸುಡದ ಇನ್ನೊಂದು ಲೇಪವನ್ನು ತಾನೇ ಕಲಸಿ ಹಚ್ಚುತ್ತೇನೆ ಎಂದು ಹಟ ಹಿಡಿದಿದ್ದಳು. ಆಗಲ್ಲ ಎಂದಿದ್ದ ಅವನು. ಯಾಕೆ ಆಗಲ್ಲ ಎಂದು ಕೇಳಿದಳು. ಅವನಿಗೆ ಕಾರಣ ಗೊತ್ತಿರಲಿಲ್ಲ, ಬರೀ ಅನುಭವವಿತ್ತು. ಸರಿ, ಮಾಡಿ ನೋಡು, ಎಂದ. ಆ 'ಮಾಡಿ ನೋಡು' ಅನುಮತಿಯೋ ಶಿಕ್ಷೆಯೋ ಅವನಿಗೇ ಸ್ಪಷ್ಟವಿರಲಿಲ್ಲ. ಒಂದರ ಹಿಂದೊಂದು ಪ್ಲೇಟು ಮಾಡಿದಳು, ಒಂದರ ಹಿಂದೊಂದು ಪದರ ಬಿಟ್ಟುಕೊಂಡವು. ಕೊನೆಯದೊಂದು ಮಾತ್ರ ಇನ್ನೂ ಬೀರುವಿನಲ್ಲಿದೆ, ಸ್ಲೇಟಿನಷ್ಟಗಲ, ಕಪ್ಪಗೆ, ಮಿರಮಿರ ಮಿಂಚುತ್ತ. ಅದನ್ನು ಕೊಯ್ದು ಪರೀಕ್ಷೆ ಮಾಡಬೇಕು. ಕೊಯ್ದರೆ ಅದು ಇರುವುದಿಲ್ಲ. ಅದಕ್ಕೇ ಅವನು ಆ ಬೀರುವಿನ ಕಡೆ ಹೋಗುವುದನ್ನೇ ಬಿಟ್ಟಿದ್ದ; ಬೇರೆ ಏನಾದರೂ ಬೇಕಾದರೂ ಲ್ಯಾಬಿನ ಮೆಕ್ಯಾನಿಕ್‌ಗೆ ಹೇಳಿ ತರಿಸಿಕೊಳ್ಳುತ್ತಿದ್ದ. ಸಂತಾಪ ಸಭೆಯಲ್ಲಿ ಡೈರೆಕ್ಟರು ಗಂಟಲು ಸರಿಮಾಡಿಕೊಂಡು, "ಆಕೆ ನಮ್ಮನ್ನೆಲ್ಲ ಬೆಸೆದಿದ್ದ ಅಂಟು," ಎಂದಿದ್ದರು. ಅವಳು ಯಾರನ್ನೂ ಬೆಸೆದಿರಲಿಲ್ಲ. ಮಧ್ಯಾಹ್ನದ ಊಟ ಒಬ್ಬಳೇ ಮಾಡುತ್ತಿದ್ದಳು. ಆ ಸಭೆಯಲ್ಲಿ ಅವನೂ ಎದ್ದುನಿಂತು ಎರಡು ಮಾತಾಡಿದ್ದ, ಪರಿಶ್ರಮಿ, ಶಿಸ್ತಿನವಳು ಎಂದಿದ್ದ. ಆ ಶಿಸ್ತು ಎಂಬ ಶಬ್ದ ಬಾಯಿಂದ ಹೊರಬಿದ್ದಾಗ ಹಿಂದಿನ ಸಾಲಿನಲ್ಲಿ ಕೂತಿದ್ದ ಮೆಕ್ಯಾನಿಕ್ ತಲೆ ತಗ್ಗಿಸಿದ್ದನ್ನು ಕಂಡಿದ್ದ.

ಅವಳು ಬಂದ ಕೊನೆಯ ದಿನ ಮಧ್ಯಾಹ್ನ ಲ್ಯಾಬಿನಲ್ಲಿ ಎಲ್ಲರೂ ಇದ್ದರು. ಆ ಕೊನೆಯ ಪ್ಲೇಟು ಪ್ರೆಸ್ಸಿನೊಳಗೆ ಕಾದು ಕರಗಿ, ಇನ್ನು ತಣಿಯಬೇಕಿತ್ತು. ತಣಿಯುವುದೇ ನಾಜೂಕಿನ ಕೆಲಸ. ಒತ್ತಡ ಸಡಿಲಬಾರದು, ಬಿಸಿ ಒಮ್ಮೆಲೇ ಇಳಿಯಬಾರದು, ಯಾರಾದರೂ ಮಾಪಕದ ಮುಳ್ಳು ನೋಡುತ್ತ ಕೂರಬೇಕು. ಅವಳು ಬಂದು, "ಸರ್, ತುಂಬಾ ತಲೆನೋವು. ಮನೆಗೆ ಹೋಗ್ಲಾ?" ಎಂದಳು. "ನಾನು ನೋಡ್ಕೋತೀನಿ ಬಿಡಿ ಸರ್, ಹೋಗ್ಲಿ ಪಾಪ," ಎಂದು ಮೆಕ್ಯಾನಿಕ್ ಅಂದೂ ಆಗಿತ್ತು. ಅವನಿಗೆ ಆಗ ಏನನ್ನಿಸಿತ್ತು? ಕೆಟ್ಟದ್ದೇನೂ ಅಲ್ಲ. ಬೆಳಿಗ್ಗೆ ತಾನೇ ಮೀಟಿಂಗಿನಲ್ಲಿ ಒಬ್ಬ ಕಿರಿಯ ಪ್ರೊಫೆಸರು ಅವನ ವಿಭಾಗದಲ್ಲಿ ಕೆಲಸ ನಿಧಾನ ಎಂದಿದ್ದ, ಎಲ್ಲರೆದುರಿಗೆ, ನಗುನಗುತ್ತಲೇ. ಆ ನಗು ಇನ್ನೂ ಬೆನ್ನಿಗಂಟಿಕೊಂಡಿತ್ತು. ತಣ್ಣಗಾಗುವವರೆಗೆ ಇರು, ನಿನ್ನ ಪ್ಲೇಟು ನೀನೇ ನೋಡಿಕೊಳ್ಳಬೇಕು, ಎಂದ. ಅಷ್ಟಕ್ಕೇ ಬಿಡಬಹುದಿತ್ತು. "ಪ್ರೆಸ್ಸಿಗೆ ನೋಡು, ಯಾವತ್ತೂ ತಲೆನೋವು ಬರಲ್ಲ. ಅದಕ್ಕೇ ಅದರ ಕೆಲಸ ಮುಗಿಯುತ್ತೆ," ಎಂದೂ ಸೇರಿಸಿದ. ಹುಡುಗರು ನಕ್ಕರು. ಬೆಳಿಗ್ಗೆಯ ನಗುವನ್ನು ಅವನು ಹೀಗೆ ಇನ್ನೊಬ್ಬರ ಬೆನ್ನಿಗೆ ದಾಟಿಸಿದ್ದ. ಅವಳೂ ನಕ್ಕಳು, ಅಥವಾ ತುಟಿ ಸರಿಸಿದಳು. ಹೋಗಿ ಸ್ಟೂಲಿನ ಮೇಲೆ ಕೂತಳು. ಪ್ಲೇಟು ತಣ್ಣಗಾಗುವ ಹೊತ್ತಿಗೆ ಬೀದಿಯ ದೀಪಗಳು ಹತ್ತಿದ್ದವು.

ತಾಯಿ ಊಟದ ಹೊತ್ತಿಗೆ ಮುಂಚೆಯೇ ಬಂದರು. ಅವನು ಅಳುವ ಹೆಂಗಸೊಬ್ಬಳನ್ನು ಎದುರಿಸಲು ತಯಾರಾಗಿದ್ದ, ಟೇಬಲ್ಲಿನ ಮೇಲೆ ನೀರಿನ ಲೋಟ ಸಹ ತುಂಬಿಸಿಟ್ಟಿದ್ದ. ಬಂದವರು ಗಟ್ಟಿ ಮೈಕಟ್ಟಿನ, ಚಪ್ಪಲಿಯ ಸದ್ದಾಗದಂತೆ ನಡೆಯುವ ಹೆಂಗಸು. ಒಳಗೆ ಬಂದವರೇ ಕೋಣೆಯನ್ನೊಮ್ಮೆ ಈ ಗೋಡೆಯಿಂದ ಆ ಗೋಡೆಗೆ ನೋಡಿದರು, ಯಾರ್‍ಯಾರ ಸ್ಥಿತಿ ಹೇಗಿದೆ ಎಂದು ಲೆಕ್ಕ ಹಾಕುವವರಂತೆ. ಅವನು 'ಮೇಡಂ' ಎಂದ. "ಸಿಸ್ಟರ್ ಅಂತಲೇ ಅನ್ನಿ ಸರ್. ಎಲ್ರೂ ಹಾಗೇ ಕರೆಯೋದು, ಅದೇ ಅಭ್ಯಾಸ ಆಗ್ಬಿಟ್ಟಿದೆ. ಜಗಳ ಆದಾಗ ಅವಳೂ ಸಿಸ್ಟರ್ ಅಂತಲೇ ಕರೀತಿದ್ಲು," ಎಂದರು. ನರ್ಸು ಎಂಬುದು ಅವನಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಕೈಕೆಳಗಿದ್ದವಳ ತಾಯಿ ಏನು ಮಾಡುತ್ತಾರೆಂದು ಅವನು ಕೇಳಿರಲೇ ಇಲ್ಲ. ಮೆಕ್ಯಾನಿಕ್ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಅವಳ ಸಾಮಾನು ತಂದಿಟ್ಟ: ಬಿಳಿ ಕೋಟು, ಒಂದು ಜೊತೆ ಸಾಕ್ಸು, ನೀರಿನ ಬಾಟಲಿ, ಹಲ್ಲು ಮುರಿದ ಬಾಚಣಿಗೆ, ಚಿಮಟ. ತಾಯಿ ಒಂದೊಂದನ್ನೂ ಎತ್ತಿ ನೋಡಿ ಮತ್ತೆ ಅಲ್ಲೇ ಇಟ್ಟರು. ಕೋಟಿನ ಜೇಬಿಗೆ ಕೈಹಾಕಿ, ಬರಿದೆಂದು ಕಂಡು, ಅದನ್ನು ಆಸ್ಪತ್ರೆಯ ಹೊದಿಕೆ ಮಡಚುವಂತೆ ನಾಲ್ಕು ಮೂಲೆ ಸೇರಿಸಿ ಮಡಚಿದರು.

"ಇದನ್ನ ಸದಾ ಕೈಯಲ್ಲಿ ಹಿಡ್ಕೊಂಡಿರ್ತಿದ್ಲು ಅಮ್ಮಾ. ನಾವು ಚಿಮಟ ಅಂತಲೇ ಕರೀತಿದ್ವಿ," ಎಂದ ಮೆಕ್ಯಾನಿಕ್, ಹೇಳಬಾರದಿತ್ತೇನೋ ಎಂಬಂತೆ ಅರ್ಧಕ್ಕೆ ನಿಂತು.

ತಾಯಿಯ ಮುಖದಲ್ಲಿ ಮೊದಲ ಸಲ ನಗುವಿನಂಥದೇನೋ ಸುಳಿಯಿತು. "ಮನೇಲಿ ಜಿಗಣೆ ಅಂತಿದ್ದೆ ನಾನು. ಹಿಡಿದ್ರೆ ಬಿಡ್ತಿರ್ಲಿಲ್ಲ." ಆಮೇಲೆ ಅವನ ಕಡೆ ತಿರುಗಿ, "ಸರ್, ಅವಳು ಕೈಯಾರೆ ಮಾಡಿದ್ದು ಅಂತ ಏನಾದ್ರೂ ಇದೆಯಾ? ಬಾಚಣಿಗೆ ಮನೇಲೂ ಇದೆ," ಎಂದರು.

ಬೀರು ತೆಗೆಯಲೇಬೇಕಾಯಿತು. ಪ್ಲೇಟನ್ನು ಟೇಬಲ್ಲಿನ ಮೇಲಿಟ್ಟಾಗ ಕಿಟಕಿಯ ಬೆಳಕು ಅದರ ಮೇಲೆ ಜಾರಿತು. ತಾಯಿ ಕೂಡಲೇ ಮುಟ್ಟಲಿಲ್ಲ, ಸೀರೆಯ ಅಂಚಿಗೆ ಬೆರಳು ಒರೆಸಿಕೊಂಡು, ಆಮೇಲೆ ಒಂದೇ ಬೆರಳಿನಿಂದ ಸವರಿದರು. "ಇದಕ್ಕಾ ಅಷ್ಟು ಒದ್ದಾಡಿದ್ದು?" ಎಂದರು. "ಚೆನ್ನಾಗಿ ಬಂದಿದೆಯಾ ಸರ್?" ಗೊತ್ತಿಲ್ಲ, ಇನ್ನೂ ಪರೀಕ್ಷೆ ಮಾಡಿಲ್ಲ, ಎಂಬುದಷ್ಟೇ ಉತ್ತರ. ಅದನ್ನು ಹೇಳಲು ಏನೂ ಖರ್ಚಿರಲಿಲ್ಲ. ಅವನು ಪ್ಲೇಟನ್ನೇ ನೋಡುತ್ತ, "ಬಹಳ ಚೆನ್ನಾಗಿ ಬಂದಿದೆ ಸಿಸ್ಟರ್. ನಾವು ಇಷ್ಟು ವರ್ಷ ಹುಡುಕ್ತಿದ್ದದ್ದು ಇದೇ. ಮುಂದಿನ ಕೆಲಸಕ್ಕೆಲ್ಲ ಇದೇ ದಾರಿ," ಎಂದ. ಮಾತು ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಸಲೀಸಾಗಿ ಬಂತು. ಅದರ ಸುಖಕ್ಕೆ ಸೋತು ಇನ್ನೂ ಎರಡು ವಾಕ್ಯ ಸೇರಿಸಿದ, ವಿಮಾನದ ಹೆಸರೂ ಎತ್ತಿದ. ತಾಯಿ ಬೆರಳು ಹಿಂದಕ್ಕೆ ತೆಗೆದುಕೊಂಡರು. "ಹಾಗಾದ್ರೆ ಇದು ಇಲ್ಲೇ ಇರ್ಲಿ ಸರ್. ಉಪಯೋಗಕ್ಕೆ ಬರೋದನ್ನ ನಾನು ತಗೊಂಡು ಹೋಗಿ ಏನ್ ಮಾಡ್ಲಿ." ಅವನು ಬೇಡ, ತಗೊಂಡು ಹೋಗಿ, ಎನ್ನಲು ಬಾಯಿ ತೆರೆದ, ಆದರೆ ಈಗ ಹಾಗೆಂದರೆ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು. ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಬ್ಬ ತಾಯಿಯಿಂದ ಮಗಳ ಕೈಯ ಕೊನೆಯ ಕೆಲಸವನ್ನು ಅವನು ಹೊಗಳಿಯೇ ಕಿತ್ತುಕೊಂಡಿದ್ದ.

ಹೊರಡಲು ಪೆಟ್ಟಿಗೆ ಎತ್ತಿಕೊಂಡವರು ಅದನ್ನು ಮತ್ತೆ ಕೆಳಗಿಟ್ಟರು. "ಒಂದು ಕೇಳಬೇಕಿತ್ತು. ಅವತ್ತು, ಕೊನೇ ದಿನ, ಇಲ್ಲಿ ತಲೆನೋವು ಅಂತ ಏನಾದ್ರೂ ಅಂದಿದ್ಲಾ?" ದನಿಯಲ್ಲಿ ಆರೋಪವಿರಲಿಲ್ಲ. "ಮನೆಗೆ ಬಂದಾಗ ನಾನು ನೈಟ್ ಡ್ಯೂಟಿಗೆ ಹೊರಟಿದ್ದೆ. ತಲೆನೋವು ಅಮ್ಮ ಅಂದ್ಲು. ಒಂದು ಮಾತ್ರೆ ಕೊಟ್ಟೆ, ಮಲ್ಕೋ ಅಂದೆ, ಹೋದೆ. ಯಾವಾಗಿನಿಂದ ಅಂತ ಕೇಳ್ಲಿಲ್ಲ. ವಾರ್ಡಿಗೆ ಯಾರು ಬಂದ್ರೂ ಮೊದಲು ಕೇಳೋದೇ ಅದು, ಯಾವಾಗಿನಿಂದ ಅಂತ. ಅದೇ ಕೇಳ್ಲಿಲ್ಲ ನೋಡಿ." ಬಾಗಿಲ ಬಳಿ ನಿಂತಿದ್ದ ಮೆಕ್ಯಾನಿಕ್ ಕಿಟಕಿಯ ಹೊರಗೆ ನೋಡತೊಡಗಿದ. ಪ್ರೆಸ್ಸಿನ ಹಿಂದೆ ಯಾವುದೋ ಫ್ಯಾನು ತಿರುಗುತ್ತಿತ್ತು. ಇಲ್ಲ ಎಂದರೆ ಎಲ್ಲರೂ ಪಾರಾಗುತ್ತಾರೆ ಎಂಬುದು ಅವನಿಗೆ ಥಟ್ಟನೆ ಹೊಳೆಯಿತು: ನೋವು ಸಂಜೆಗೇ ಶುರುವಾದದ್ದು, ದಾರಿಯಲ್ಲೇ ಶುರುವಾದದ್ದು, ಯಾರಿಗೂ ಗೊತ್ತಾಗುವಂತಿರಲಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. "ಇಲ್ಲ ಸಿಸ್ಟರ್. ಇಲ್ಲೇನೂ ಹೇಳ್ಲಿಲ್ಲ. ನಗ್ತಾನೇ ಇದ್ಲು," ಎಂದ. ನಗ್ತಾನೇ ಇದ್ಲು ಎಂಬುದು ಸುಳ್ಳಲ್ಲವೆಂದು ತನಗೇ ಹೇಳಿಕೊಂಡ. ತಾಯಿ ಒಂದು ಕ್ಷಣ ಅವನ ಮುಖ ನೋಡಿದರು. "ಸರಿ ಸರ್. ಥ್ಯಾಂಕ್ಸ್," ಎಂದರು. ಪೆಟ್ಟಿಗೆಯನ್ನು ಮೆಕ್ಯಾನಿಕ್ ಬಸ್ ಸ್ಟಾಪಿನವರೆಗೆ ಹೊತ್ತುಕೊಂಡು ಹೋದ. ವಾಪಸು ಬಂದು ಕೈ ತೊಳೆದು, ಟವೆಲಿಗೆ ಒರೆಸುತ್ತ, ಅವನ ಕಡೆ ನೋಡದೆ ಕೇಳಿದ: "ಪ್ಲೇಟ್ ಯಾವಾಗ ಕೊಯ್ಯೋದು ಸರ್?" ಅಷ್ಟೇ. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿತ್ತು.

ಮನೆಯಲ್ಲಿ ಹೆಂಡತಿ ತಟ್ಟೆ ಇಡುತ್ತ, "ಯಾರ ಮೇಲೆ ಕೋಪ?" ಎಂದಳು. ಯಾರ ಮೇಲೂ ಇಲ್ಲ ಎಂದ. "ಹಾಗಾದ್ರೆ ಆ ಚಮಚ ಏನ್ ಮಾಡ್ತು ನಿಮಗೆ?" ನೋಡಿದರೆ ಚಮಚವನ್ನು ಬಗ್ಗಿಸಿಬಿಟ್ಟಿದ್ದ. ಎಲ್ಲವನ್ನೂ ಹೇಳಬೇಕೆನಿಸಿತು, ಹೇಳತೊಡಗಿದ; ಆದರೆ ಬಾಯಿಂದ ಬಂದದ್ದು ಇಂದು ಆ ಹುಡುಗಿಯ ತಾಯಿ ಬಂದಿದ್ದರು, ಧೈರ್ಯದ ಹೆಂಗಸು, ಎಂಬ ಎರಡು ಮಾತು. ಪಾಪ, ಎಂದಳು ಹೆಂಡತಿ. ನೀವು ಸಮಾಧಾನ ಹೇಳಿದಿರಿ ತಾನೆ, ಎಂದಳು. ಹೇಳಿದೆ, ಎಂದ. ನೀವು ಇಂಥದ್ದರಲ್ಲಿ ಒಳ್ಳೆಯವರು, ಎಂದು ಅವಳು ಇನ್ನೊಂದು ಸೌಟು ಬಡಿಸಿದಳು. ಹೆಂಡತಿಯ ತಾಯಿ ತೀರಿಕೊಂಡಾಗ ಅವನು ನಿಜಕ್ಕೂ ಒಳ್ಳೆಯವನಾಗಿದ್ದ, ಹತ್ತು ದಿನ ಪಕ್ಕದಿಂದ ಏಳದೆ ಕೂತಿದ್ದ. ಅದು ಅದೇ ಮನುಷ್ಯ, ಇದೂ ಅದೇ ಮನುಷ್ಯ. ಊಟ ಬಿಟ್ಟು ಏಳುವುದೂ ಒಂದು ನಾಟಕವಾದೀತೆಂದು ಕೊನೆಯ ತುತ್ತಿನವರೆಗೆ ಉಂಡ.

ಮರುದಿನವೇ ಕೊಯ್ಯಲು ಹೇಳಿದ. ವಜ್ರದ ಪುಡಿ ಕೂರಿಸಿದ ಗಾಲಿ ತಿರುಗಿ, ಮೇಲೆ ನೀರು ಹರಿದು, ಪ್ಲೇಟಿನಿಂದ ಕಪ್ಪು ನೀರು ತಟ್ಟೆಗೆ ಇಳಿಯಿತು. ಅವಳು ಇದ್ದಿದ್ದರೆ ಮೊದಲ ತುಂಡು ತಾನೇ ಹಿಡಿಯುತ್ತೇನೆಂದು ಮುನ್ನುಗ್ಗುತ್ತಿದ್ದಳು. ಅರ್ಧ ಪ್ಲೇಟು ಬೆರಳಿನಷ್ಟು ಬೆರಳಿನಷ್ಟು ತುಂಡಾಯಿತು. ಉಳಿದರ್ಧ ಬೇಡ ಎಂದ, ಯಾಕೆಂದು ಮೆಕ್ಯಾನಿಕ್ ಕೇಳಲಿಲ್ಲ. ತುಂಡನ್ನು ಎರಡು ಆನಿಕೆಗಳ ಮೇಲಿಟ್ಟು ನಡುವೆ ಒತ್ತಿದಾಗ ಅದು ಸ್ವಲ್ಪ ಹೊತ್ತು ತಡೆಯಿತು, ಹಿಂದಿನವುಗಳಿಗಿಂತ ತುಸು ಹೆಚ್ಚೇ ತಡೆಯಿತು, ಅವನು ಆ ಒಂದು ಕ್ಷಣದಲ್ಲಿ ತನ್ನ ಸುಳ್ಳು ನಿಜವಾಗಿಬಿಡಲಿ ಎಂದು ಬೇಡಿಕೊಂಡ, ಯಾರನ್ನೋ ಗೊತ್ತಿಲ್ಲ. ಟಪ್ಪೆಂದಿತು. ಒಂದಾದ ಮೇಲೊಂದು ಎಲ್ಲವೂ ಟಪ್ಪೆಂದವು, ನಡುವಿನ ಪದರದಲ್ಲೇ. ಮುರಿದ ಮುಖವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕತ್ತಲೆ ಕೋಣೆಯಲ್ಲಿ ಒಬ್ಬನೇ ಕೂತ. ಪರದೆಯ ಮೇಲೆ ಎಳೆಗಳು ಬಿದಿರಿನ ಗಳುಗಳಂತೆ ಸಾಲಾಗಿ ಮೂಡಿದವು. ಹಿಡಿತ ಚೆನ್ನಾಗಿದ್ದರೆ ಅವುಗಳ ಮೈಮೇಲೆ ಹರಿದ ಪ್ಲಾಸ್ಟಿಕ್ಕು ಚಿಂದಿಚಿಂದಿಯಾಗಿ ಅಂಟಿರಬೇಕು. ಇವು ತೊಳೆದಿಟ್ಟ ಪಾತ್ರೆಯಂತೆ ನುಣ್ಣಗಿದ್ದವು. ಇನ್ನೂ ಹತ್ತಿರಕ್ಕೆ ಹೋದ. ಆಗ ಕಂಡಿತು: ಎಳೆಯ ಮೈಮೇಲೆ ಒಂದು ತೆಳು ಪೊರೆ, ಎಲ್ಲೂ ಗುಳ್ಳೆಯಿಲ್ಲ, ಎಲ್ಲೂ ಕರಕಲಿಲ್ಲ. ಅವಳ ಲೇಪ. ನಾನೂರು ಡಿಗ್ರಿಯಲ್ಲಿ ಕೂತು ಎದ್ದು ಬಂದಿತ್ತು, ಸುಟ್ಟಿರಲಿಲ್ಲ. ಪ್ಲಾಸ್ಟಿಕ್ಕು ಮಾತ್ರ ಅದನ್ನು ಹಿಡಿದಿರಲಿಲ್ಲ. ಆಗಲ್ಲ ಎಂದಿದ್ದವನದೂ ಪೂರ್ತಿ ಸರಿಯಲ್ಲ, ಆಗುತ್ತೆ ಎಂದಿದ್ದವಳದೂ ಪೂರ್ತಿ ಸರಿಯಲ್ಲ. ಇಂಥ ಅರ್ಧ ಉತ್ತರ ಬಂದ ದಿನ ಅವಳು ಅವನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು, ಕಣ್ಣು ಅರಳಿಸಿಕೊಂಡು, "ಸರ್, ಈಗ ಏನ್ ಮಾಡೋಣ?" ಎಂದು. ಅವನು ಪರದೆಯ ಕಡೆ ನೋಡುತ್ತಲೇ, "ಏನ್ ಮಾಡೋಣ," ಎಂದು ಗಟ್ಟಿಯಾಗಿ ಹೇಳಿ, ತನ್ನ ದನಿಗೆ ತಾನೇ ಬೆಚ್ಚಿ, ಟೇಬಲ್ಲಿನ ಮೇಲೆ ಹಣೆಯಿಟ್ಟು ಅತ್ತ. ಅವಳು ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು.

ರಜೆಯ ದಿನ ವಿಳಾಸ ಹುಡುಕಿಕೊಂಡು ಹೋದ. ಕಬ್ಬಿಣದ ಅಂಗಡಿಯ ಮೇಲಿನ ಎರಡನೇ ಮಹಡಿ. ಮೆಟ್ಟಿಲ ತಿರುವಿನಲ್ಲಿ ಯಾರದೋ ಸೈಕಲ್ಲು ಅಡ್ಡವಿತ್ತು, ಅದನ್ನು ದಾಟುವಾಗ ಪ್ಯಾಂಟು ಪೆಡಲಿಗೆ ಸಿಕ್ಕಿಕೊಂಡಿತು. ಇಲ್ಲಿಂದಲೇ ವಾಪಸು ಹೋಗಲು ಇಷ್ಟು ನೆಪ ಸಾಕೆಂದು ಒಂದು ಗಳಿಗೆ ನಿಂತ. ಬಾಗಿಲು ತೆರೆದ ತಾಯಿಯ ಕೈಗಳು ಒದ್ದೆಯಾಗಿದ್ದವು, ಬಾಲ್ಕನಿಯಲ್ಲಿ ಆಗಷ್ಟೇ ಒಗೆದ ಯೂನಿಫಾರ್ಮು ತೊಟ್ಟಿಕ್ಕುತ್ತಿತ್ತು. ಆಶ್ಚರ್ಯ ತೋರಿಸಲಿಲ್ಲ. ಬನ್ನಿ ಸರ್, ಎಂದು ಕುರ್ಚಿ ಎಳೆದು, ಟೀಗೆ ನೀರಿಟ್ಟು ಬಂದರು. ಅವನು ಚೀಲದಿಂದ ಉಳಿದರ್ಧ ಪ್ಲೇಟು ತೆಗೆದು ಅವರ ಮುಂದಿಟ್ಟ. ಅವತ್ತು ನಾನು ಹೇಳಿದ್ದು ನಿಜವಲ್ಲ, ಎಂದ. ಆಗಿನ್ನೂ ಪರೀಕ್ಷೆಯೇ ಮಾಡಿರಲಿಲ್ಲ, ಈಗ ಮಾಡಿದೆ, ಅದು ನಿಲ್ಲಲಿಲ್ಲ. ಅವಳ ಲೇಪ ಸುಡಲಿಲ್ಲ, ಅದು ದೊಡ್ಡ ಮಾತು, ಅದನ್ನು ಅವಳ ಹೆಸರಿನಲ್ಲೇ ಬರೆಯುತ್ತೇನೆ. ಆದರೆ ಪ್ಲೇಟು ನಿಲ್ಲಲಿಲ್ಲ. ಹೇಳುತ್ತ ಹೇಳುತ್ತ ಕ್ಲಾಸು ತೆಗೆದುಕೊಳ್ಳುವ ದನಿ ಬಂದುಬಿಟ್ಟಿತ್ತು, ಅದಕ್ಕೂ ನಾಚಿಕೆಯಾಯಿತು.

ತಾಯಿ ಕಪ್ಪು ಚೂರನ್ನು ಈ ಸಲ ಅಂಗೈಯಲ್ಲಿಟ್ಟುಕೊಂಡು ತೂಗಿದರು. "ಅವತ್ತೇ ಗೊತ್ತಾಯ್ತು ಸರ್."

"ಹೇಗೆ?"

"ಪೇಶೆಂಟ್ ಕಡೆಯೋರು ಬಂದು ಹೇಗಿದ್ದಾರೆ ಸಿಸ್ಟರ್ ಅಂತಾರೆ. ಚೆನ್ನಾಗಿದ್ದಾರೆ, ನಾಳೆ ನಾಡಿದ್ದರಲ್ಲಿ ಎದ್ದು ಕೂರ್ತಾರೆ ಅಂತೀವಿ. ಹಾಗನ್ನುವಾಗ ಕಣ್ಣು ಡ್ರಿಪ್ ಬಾಟ್ಲಿ ಮೇಲಿರುತ್ತೆ, ಅವರ ಮೇಲಿರಲ್ಲ. ನೀವೂ ಈ ಪ್ಲೇಟ್ ನೋಡ್ಕೊಂಡೇ ಮಾತಾಡಿದ್ರಿ."

"ಮತ್ತೆ ಯಾಕೆ ಬಿಟ್ಟು ಬಂದ್ರಿ ಇದನ್ನ?"

"ನಾನು ಹಾಗೆ ಹೇಳಿದಾಗೆಲ್ಲ ಅವ್ರು ಥ್ಯಾಂಕ್ಸ್ ಸಿಸ್ಟರ್ ಅಂದು ಹೋಗ್ತಿದ್ರು. ಅವರಿಗೂ ಗೊತ್ತಿರ್ತಿತ್ತೋ ಏನೋ. ನನ್ನ ಪಾಳಿ ಬಂದಾಗ ನಾನೂ ಅಂದೆ."

ಒಳಗೆ ನೀರು ಕುದಿಯುತ್ತಿತ್ತು. ತಾಯಿ ಏಳಲು ಹೊರಟರು. ಅವರು ಅಡುಗೆಮನೆಗೆ ಹೋಗಿ ಬಂದರೆ ಇನ್ನು ಬಾಯಿ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. "ಇನ್ನೊಂದೂ ಸುಳ್ಳು ಹೇಳಿದೆ," ಎಂದ. ಅವರು ನಿಂತರು. ಈ ಸಲ ಅವನು ಮುಖ ನೋಡಿಯೇ ಹೇಳಿದ, ನೋಡಲಾಗದಿದ್ದರೂ. ತಲೆನೋವು ಎಂದಿದ್ದಳು. ಮಧ್ಯಾಹ್ನವೇ ಬಂದು ಹೇಳಿದಳು. ಮನೆಗೆ ಹೋಗಲಾ ಎಂದು ಕೇಳಿದಳು. ಮೆಕ್ಯಾನಿಕ್ ತಾನು ನೋಡಿಕೊಳ್ಳುತ್ತೇನೆ ಎಂದ. ನಾನು ಬಿಡಲಿಲ್ಲ, ತಣ್ಣಗಾಗುವವರೆಗೆ ಇರು ಎಂದೆ. ಪ್ರೆಸ್ಸಿಗೆ ತಲೆನೋವು ಬರಲ್ಲ ಅಂತ ತಮಾಷೆ ಮಾಡಿದೆ. ಎಲ್ಲರೂ ನಕ್ಕರು. ಸಂಜೆಯವರೆಗೆ ಕೂತಿದ್ದಳು. ಹೇಳಿ ಮುಗಿದ ಮೇಲೆ ಕ್ಷಮಿಸಿ ಎನ್ನಬೇಕೆಂದುಕೊಂಡು ಬಂದಿದ್ದ. ಆ ಶಬ್ದ ಈಗ ಬಾಯಲ್ಲಿ ಭಿಕ್ಷೆಯ ತಟ್ಟೆಯಂತೆ ಕಂಡಿತು, ಚಾಚಲಿಲ್ಲ.

ತಾಯಿ ಒಳಗೆ ಹೋಗಿ ಒಲೆ ಆರಿಸಿ ಬಂದರು. ಟೀ ತರಲಿಲ್ಲ. ಅವನೆದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಕೈಗಳನ್ನು ಮಡಿಲಲ್ಲಿಟ್ಟುಕೊಂಡರು. ಕೂಗುತ್ತಾರೆ, ಹೊರಗೆ ಹೋಗಿ ಎನ್ನುತ್ತಾರೆ ಎಂದು ಕಾದ. ಅದಾದರೂ ಆಗಲಿ ಎಂದು ಹಂಬಲಿಸಿದ. ಅವರು ಮಾತಾಡಿದಾಗ ದನಿ ಬೇರೆಯಾಗಿತ್ತು, ಸಣ್ಣದಾಗಿ, ಸಮವಾಗಿ, ಅವಸರವಿಲ್ಲದೆ.

"ಮಧ್ಯಾಹ್ನ ಅಂದ್ರೆ, ಊಟಕ್ಕೆ ಮುಂಚೆನಾ, ಆಮೇಲಾ?"

"ಆಮೇಲೆ."

"ಊಟ ಮಾಡಿದ್ಲಾ?"

ಅವನು ನೆನಪಿಸಿಕೊಂಡ. "ಡಬ್ಬಿ ತೆಗೆದಿದ್ದಳು. ಮುಚ್ಚಿಟ್ಟಳು. ತಿಂದ ಹಾಗಿರಲಿಲ್ಲ."

"ವಾಂತಿ?"

"ಗೊತ್ತಿಲ್ಲ. ಒಂದೆರಡು ಸಲ ಹೊರಗೆ ಎದ್ದು ಹೋದಳು."

"ಮೈ ಬಿಸಿಯಿತ್ತಾ?"

"ಮುಟ್ಟಿ ನೋಡಲಿಲ್ಲ. ಕೋಟಿನ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಪ್ರೆಸ್ಸಿನ ಪಕ್ಕ ಬಿಸಿ ಇರುತ್ತೆ, ಅಲ್ಲಿ ಯಾರೂ ಸ್ವೆಟರ್ ಹಾಕಲ್ಲ."

ತಾಯಿ ತಲೆಯಾಡಿಸಿದರು. ಬರೆದುಕೊಳ್ಳುವವರು ಒಂದು ಸಾಲು ಮುಗಿಸಿ ಮುಂದಿನದಕ್ಕೆ ಹೋಗುವಂತೆ ಸ್ವಲ್ಪ ತಡೆದು, "ಬೆಳಕು ನೋಡೋಕೆ ಆಗ್ತಿತ್ತಾ?" ಎಂದರು.

"ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು. ಸ್ಟೂಲನ್ನು ಆ ಕಡೆ ಎಳೆದುಕೊಂಡಳು." ಪ್ರತಿ ಉತ್ತರವೂ ಅವನೊಳಗಿನಿಂದ ತಾನಾಗಿ ಎದ್ದು ಬರುತ್ತಿತ್ತು. ಇದನ್ನೆಲ್ಲ ತಾನು ನೋಡಿದ್ದೆನೆಂದೇ ಅವನಿಗೆ ಗೊತ್ತಿರಲಿಲ್ಲ. ಕಣ್ಣು ಎಲ್ಲವನ್ನೂ ನೋಡಿತ್ತು. ಅವನು ಮಾತ್ರ ಕೇಳಿರಲಿಲ್ಲ.

"ಕುತ್ತಿಗೆ?" ಎಂದರು ತಾಯಿ. "ಕುತ್ತಿಗೆ ಆಡಿಸ್ತಿದ್ಲಾ? ಈ ಸೋಂಕಲ್ಲಿ ಅದು ಬಿಗಿದುಬಿಡುತ್ತೆ."

ಸಂಜೆ ಅವನು ಮನೆಗೆ ಹೊರಡುವಾಗ ಹಿಂದಿನಿಂದ ಬಂದು, ಆಯ್ತಾ, ಎಂದಿದ್ದ. ಅವಳು ಕುತ್ತಿಗೆ ತಿರುಗಿಸಲಿಲ್ಲ. ಎರಡೂ ಪಾದ ನೆಲಕ್ಕೆ ಊರಿ, ಸ್ಟೂಲಿನ ಸಮೇತ, ಇಡೀ ಮೈಯನ್ನೇ ನಿಧಾನವಾಗಿ ಅವನ ಕಡೆ ತಿರುಗಿಸಿದ್ದಳು. ಅದನ್ನೇ ಅವನು ಹೇಳಿದ. "ನಾನು ಸಿಟ್ಟು ಅಂದುಕೊಂಡೆ," ಎಂದ. "ನನ್ನ ಮೇಲೆ ಸಿಟ್ಟಿಗೆ ಹಾಗೆ ಬಿಗಿದುಕೊಂಡಿದ್ದಾಳೆ ಅಂತ."

ಕೆಳಗೆ ಅಂಗಡಿಯವರು ಕಬ್ಬಿಣದ ಸರಳುಗಳನ್ನು ಲಾರಿಯಿಂದ ಇಳಿಸುತ್ತಿದ್ದ ಸದ್ದು ಬರುತ್ತಿತ್ತು. ಪ್ರಶ್ನೆಗಳು ಮುಗಿದವೆಂದು ಅವನು ಅಂದುಕೊಂಡ.

"ನನ್ನ ಕಡೇನೂ ಹಾಗೇ ತಿರುಗಿದ್ಲು ಸರ್," ಎಂದರು. "ಅಡುಗೆಮನೆ ಬಾಗಿಲಲ್ಲಿ. ನಾನು ಚಪ್ಪಲಿ ಹಾಕ್ಕೋತಿದ್ದೆ."